ಪರವಾಗಿಲ್ಲ, ಸಾರ್

೧೪, ಗುರುವಾರ

ಬಾಯಿದ್ದೂ ಮೂಗನಾದೆ ಇವತ್ತು.

ನೌಕರರು ಖುಷಿಯಾಗಿದ್ದಾರೋ ಇಲ್ಲವೋ ಎಂದು ವಿಚಾರಿಸಲು ಹೆಡ್ ಆಫೀಸಿನಿಂದ ಸಾಹೇಬರೊಬ್ಬರು ಬಂದಿದ್ದರು. ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಇಳಿಯುವಾಗಲೇ ಅವರ ಕರವಸ್ತ್ರ ಮೂಗಿಗೆ ಬಂತು. ಅಲ್ಲಿ ಕಿಟಕಿ ಇಲ್ಲ. ಫ್ಯಾನ್ ಹಾಕಿದರೆ ಧೂಳು ಏಳುತ್ತದೆ, ಆರಿಸಿದರೆ ಬೆವರು. ನಾವೆಲ್ಲ ರೆಕಾರ್ಡಕ್ಕ ಎಂದು ಕರೆಯುವಾಕೆ ಅದರೊಳಗೇ ದಿನವಿಡೀ ಕೆಮ್ಮುತ್ತ ಕೆಲಸ ಮಾಡುತ್ತಾರೆ.

"ಏನಮ್ಮ, ಕೆಲಸ ಎಲ್ಲ ಹೇಗಿದೆ ಇಲ್ಲಿ?" ಎಂದರು ಸಾಹೇಬರು.

ಅಕ್ಕ ನನ್ನ ಮುಖ ನೋಡಿದರು. ಆ ವಿಭಾಗದ ಮುಖ್ಯಸ್ಥ ನಾನು. ನಾನೇ ಬಾಯಿ ಬಿಡುತ್ತೇನೆಂದು ಕಾದಿರಬೇಕು. ನಾನು ಸಾಹೇಬರ ಬೂಟಿಗೆ ಹತ್ತಿದ ಧೂಳು ನೋಡುತ್ತ ನಿಂತೆ.

"ಪರವಾಗಿಲ್ಲ, ಸಾರ್" ಅಂದರು ಅಕ್ಕ.

"ನೋಡಿದ್ರಾ! ಇಂಥ ಜಾಗದಲ್ಲೂ ಎಷ್ಟು ತೃಪ್ತಿಯಿಂದ ಇದ್ದಾರೆ!" ಸಾಹೇಬರು ನನ್ನ ಬೆನ್ನು ತಟ್ಟಿದರು. ನಾನು ಹಲ್ಲು ಕಿರಿದೆ. ಥೂ.

"ಸಾರ್, ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತಲ್ಲ, ಹೇಗೋ ತಡ್ಕೊಂಡಿದ್ದೀನಿ ಅಂತ." ಇಷ್ಟು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅವರ ಕಾರು ಗೇಟು ದಾಟಿದ ಮೇಲೆ ಈ ಮಾತು ಎಷ್ಟು ಸಲೀಸಾಗಿ ನಾಲಿಗೆಗೆ ಬಂತು! ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಸಂಜೆ ಮನೆಗೆ ಹೊರಡುವಾಗ ಮೆಟ್ಟಿಲ ಹತ್ತಿರ ಅಕ್ಕ ಸಿಕ್ಕರು.

"ಅಕ್ಕಾ, ಆಗ ನಾನು ಹೇಳ್ಬೇಕಿತ್ತು..." ಅಂದೆ.

ಅವರಿಗೆ ಕೆಮ್ಮು ಹತ್ತಿತು. ಅದು ನಿಲ್ಲುವ ತನಕ ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಆಮೇಲೆ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು ಅಂದರು:

"ಪರವಾಗಿಲ್ಲ ಬಿಡಿ, ಸಾರ್."