ಅಲ್ಲಾಡದ ಗೆರೆ

೧೬ನೇ ತಾರೀಖು, ಸೋಮವಾರ

ನದಿ ಅಳೆಯುವ ಕಚೇರಿಯ ಸಾಹೇಬರಿಗೆ, ಅಂದರೆ ನನ್ನ ಯಜಮಾನರಿಗೆ,

ತಮ್ಮನ ಮನೆಯ ವಿಳಾಸಕ್ಕೆ ಬರೆದ ನಿಮ್ಮ ಕಾಗದ ಬಂತು. ಮೊದಲ ಪುಟವಿಡೀ ಮನೆ ಬಿಕೋ ಎನ್ನುತ್ತಿದೆ, ಬೇಗ ಬಾ ಎಂಬ ಅಕ್ಕರೆ. ಓದುತ್ತ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ? ಪುಟ ತಿರುಗಿಸಿದರೆ ಅಸಲು ವಿಷಯ. ನೆರೆ ಬಂದ ದಿನ, ನಿಮ್ಮ ಕೈಕೆಳಗೇ ಸೇತುವೆಯ ಬಳಿ ನೀರು ಅಳೆಯುವ ನನ್ನ ತಮ್ಮ ಫೋನ್ ಮಾಡಲೇ ಇಲ್ಲ ಎಂದು ವಿಚಾರಣೆಯಲ್ಲಿ ನಾನು ಹೇಳಬೇಕಂತೆ. ಮದುವೆಯಾದ ಹೊಸದರಲ್ಲೂ ನೀವು ನನಗೆ ಇಷ್ಟು ಬೆಣ್ಣೆ ಹಚ್ಚಿರಲಿಲ್ಲ.

ಫೋನ್ ಎತ್ತಿದವಳು ನಾನೇ ಅಲ್ಲವೇ? ನೀವು ಊಟಕ್ಕೆ ಕೂತಿದ್ದಿರಿ, ಕೈ ಎಂಜಲಾಗಿತ್ತು, ನಿಮ್ಮ ಕಿವಿಗೆ ಹಿಡಿದು ನಿಂತಿದ್ದೆ. ಸೇತುವೆಯ ಮೇಲಿಂದ ಅವನು ಕಿರುಚಿದ್ದು ನನಗೂ ಕೇಳಿಸಿತು. "ಭಾವ, ನೀರು ಕಂಬದ ಕೆಂಪು ಪಟ್ಟಿ ದಾಟ್ತು. ಕೆಳಗಿನ ಬೀದಿ ಖಾಲಿ ಮಾಡ್ಸಿ." ನೀವು ಎಡಗೈಯಲ್ಲಿ ಲ್ಯಾಪ್‌ಟಾಪ್ ತಿರುಗಿಸಿ, ನೀರಿನ ಮಟ್ಟ ತೋರಿಸುವ ಗೆರೆ ನೋಡಿ, "ಇಲ್ಲಿ ಗೆರೆ ಅಲ್ಲಾಡಿಲ್ಲ ಕಣೋ. ಹಗಲೇ ಏರಿಸಿದ್ದೀಯಾ?" ಎಂದು ನಕ್ಕಿರಿ.

ಅವನು ಕುಡಿಯುತ್ತಾನೆ, ನಿಜ. ಬಾಯಿ ಜೋರು, ಅದೂ ನಿಜ. ಆ ದಿನ ಕುಡಿದಿರಲಿಲ್ಲ.

ಗೆರೆ ಯಾಕೆ ಅಲ್ಲಾಡಲಿಲ್ಲ ಎಂದು ಈಗ ಊರಿಗೆಲ್ಲ ಗೊತ್ತು. ಸೇತುವೆ ಪಕ್ಕದ ಅಳತೆ ಬಾವಿಗೆ ನದಿಯ ನೀರು ತರುವ ಕೊಳವೆಯಲ್ಲಿ ಹೂಳು ತುಂಬಿತ್ತು. ಹೊರಗೆ ನದಿ ಉಕ್ಕುತ್ತಿದ್ದರೆ ಒಳಗೆ ನೀರಿನ ಜೊತೆ ಏರಿಳಿದು ಮಟ್ಟ ಹೇಳಬೇಕಾದ ತೇಲುಬುರುಡೆ ಇದ್ದಲ್ಲೇ ಕೂತಿತ್ತು. ಮಳೆಗಾಲಕ್ಕೆ ಮುಂಚೆ ಕೊಳವೆ ತೊಳೆಸಿ ಎಂದು ತಮ್ಮ ಕೇಳಿದಾಗ, ಗೆರೆ ಇಷ್ಟು ಚೆಂದ ಬರುವಾಗ ಯಾಕೆ ಕೈ ಹಾಕೋದು ಎಂದವರು ನೀವು. ನಿಮ್ಮ ಕಚೇರಿಯವರಿಗೆ ನೆಟ್ಟಗಿನ ಗೆರೆ ಕಂಡರೆ ಸಾಕು, ಖುಷಿಯೋ ಖುಷಿ. ಧೋ ಎಂದು ಸುರಿಯುವ ಮಳೆಯಲ್ಲಿ ನದಿ ಬೆಳಗಿನಿಂದ ಒಂದೇ ಮಟ್ಟದಲ್ಲಿ ಹೇಗಿರುತ್ತದೆ ಎಂದು ಒಬ್ಬರಿಗೂ ಅನುಮಾನ ಬರಲಿಲ್ಲವಲ್ಲ!

ಕೆಳಗಿನ ಬೀದಿಯ ದರ್ಜಿ, ಹಾಸಿಗೆ ಹಿಡಿದ ತಾಯಿಯನ್ನು ಎತ್ತಿಕೊಂಡು ಬಾಗಿಲವರೆಗೂ ಬಂದಿದ್ದನಂತೆ. ಇಬ್ಬರೂ ನೀರುಪಾಲಾದರು. ನಿಮ್ಮ ಷರ್ಟುಗಳನ್ನೆಲ್ಲ ಹೊಲಿದವನು ಅವನು. ನಿಮ್ಮ ಕಾಗದದಲ್ಲಿ ಅದು ಬರೀ 'ಅಹಿತಕರ ಘಟನೆ'. ನನಗೆ ಹೇಸಿಗೆಯಾಯಿತು.

ವಿಚಾರಣೆಗೆ ಬರುತ್ತೇನೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಿಮ್ಮ ಪರವಾಗಿ ಒಂದು ಮಾತಾದರೂ ಸಿಕ್ಕೀತೇ ಎಂದು ತಡಕಾಡಿದೆ. ಸಿಗಲಿಲ್ಲ.

ಇಂತಿ,
ಇನ್ನೂ ನಿಮ್ಮ ಹೆಂಡತಿ

ಬರೆಯಲು ಹಿಂಜರಿದ ಮಾತು: ನೀವು ತಮ್ಮನಿಗೂ ಹೇಳಿಕಳಿಸಿದ್ದು ನಿನ್ನೆ ಗೊತ್ತಾಯಿತು. ಫೋನ್ ಮಾಡಲಿಲ್ಲ ಎಂದು ತಪ್ಪು ತನ್ನ ಮೇಲೆ ಹಾಕಿಕೊಳ್ಳಲು ಅವನು ತಯಾರಾಗಿ ಕೂತಿದ್ದಾನೆ. "ನನ್ ಕೆಲ್ಸ ಹೋದ್ರೆ ಹೋಗ್ಲಿ ಅಕ್ಕ, ನಿನ್ ಸಂಸಾರ ಉಳೀಲಿ" ಎಂದ. ಎಷ್ಟು ಬೈದರೂ ಕೇಳಲೊಲ್ಲ. ಅದಕ್ಕೇ ಇವತ್ತು ವಕೀಲರನ್ನು ಕಂಡು ಬಂದೆ. ವಿಚ್ಛೇದನದ ಕಾಗದ ಇದರ ಜೊತೆಗಿದೆ, ಸಹಿ ಹಾಕಿ ಕಳಿಸಿ. ಉಳಿಸಲು ಅಕ್ಕನ ಸಂಸಾರವೇ ಇಲ್ಲ ಎಂದಾದರೆ ಅವನು ನಿಜ ಹೇಳುತ್ತಾನೆ.