ಇಕಿಂಗ್ ಹುಂಜ ತೋರಿಸಿದ

ಜೊನಾಲಿನ್,

ನಾನು ಮೊಲೊ ಮಾರುಕಟ್ಟೆಗೆ ಹೊರಟೆ. ರಾತ್ರಿ ಪಾಳಿ ಮುಗಿಸಿ ಮಲಗಿದವಳನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಮಗು ಇಕಿಂಗ್ ನಿನ್ನ ಪಕ್ಕದಲ್ಲೇ ಮತ್ತೆ ನಿದ್ದೆಹೋಗಿದ್ದಾನೆ. ಬೆಳ್ಳುಳ್ಳಿ ಅನ್ನ, ಒಣಮೀನು ಮುಚ್ಚಿಟ್ಟಿದ್ದೇನೆ.

ಹದಿನಾಲ್ಕು ತಿಂಗಳಾದರೂ ಬೆರಳು ಚಾಚಿ ಏನನ್ನೂ ತೋರಿಸುವುದಿಲ್ಲ, ಆಟಿಸಂ ಇರಬಹುದೇ ಎಂದು ನೀನು ಕೇಳಿದಾಗ, "ಸುಮ್ನಿರೇ, ಮಗೂನಲ್ಲಿ ಇಲ್ಲದ್ದೆಲ್ಲ ಹುಡುಕ್ತೀಯಾ!" ಎಂದು ಬೈದಿದ್ದೆ. ಹೆದರಿಕೆಯಿಂದ ಬೈದದ್ದು. ಹೆಸರು ಕರೆದರೆ ಅವನು ತಿರುಗದ್ದನ್ನು ನಾನೂ ಗಮನಿಸಿದ್ದೆ.

ಈಗ ಕೇಳು. ಬೆಳಿಗ್ಗೆ ಇಕಿಂಗ್‌ನನ್ನು ಸೊಂಟದ ಮೇಲಿಟ್ಟುಕೊಂಡು ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಮನೆಯ ಹುಂಜ ನಮ್ಮ ಗೋಡೆ ಹತ್ತಿತು. ಅವನು ಬೆರಳು ಚಾಚಿ ಅದನ್ನು ತೋರಿಸಿದ, ನನ್ನ ಮುಖ ನೋಡಿದ, ಮತ್ತೆ ಹುಂಜವನ್ನು ನೋಡಿದ! "ನೋಡ್ದೆ ಕಣೋ, ನೋಡ್ದೆ!" ಎಂದು ನಾನು ಕೂಗಿದ ರಭಸಕ್ಕೆ ಹುಂಜ ಹಾರಿಯೇ ಹೋಯಿತು.

ಹೆಸರಿಗೆ ಮಾತ್ರ ಇನ್ನೂ ತಿರುಗುತ್ತಿಲ್ಲ. ಗುರುವಾರ ಡಾಕ್ಟರ ಹತ್ತಿರ ಹೋಗಿಯೇ ಹೋಗೋಣ, ನಾನೂ ಬರುತ್ತೇನೆ. ಅವರು ಏನೇ ಹೇಳಲಿ, ನನ್ನ ಇವತ್ತಿನ ಸಂತೋಷ ಕಡಿಮೆಯಾಗುವುದಿಲ್ಲ.

ನಿನ್ನ ಗಂಡ ಹಡಗಿನಿಂದ ಫೋನ್ ಮಾಡಿದರೆ ಹುಂಜದ ವಿಷಯ ನೀನು ಬಾಯಿ ಬಿಡಬೇಡ, ಅಳಿಯನಿಗೆ ನಾನೇ ಹೇಳಬೇಕು.

ಮಗು ಎದ್ದ ಮೇಲೆ ಇಪ್ಪತ್ತು ಸಲ ಹೆಸರು ಕೂಗಿ ಪರೀಕ್ಷೆ ಮಾಡಬೇಡ. ಎತ್ತಿಕೊಂಡು ಅಂಗಳದಲ್ಲಿ ಸುಮ್ಮನೆ ನಿಲ್ಲು. ಎತ್ತ ನೋಡಬೇಕೆಂದು ಅವನೇ ಹೇಳಲಿ.

ಅಮ್ಮ