ಗುಳಿಗೆಗೆ ಹತ್ತಿದ ವಿಭೂತಿ

ಗುಂಜೋಟಿ, ತಾ. ಉಮರ್ಗಾ
ಮಂಗಳವಾರ, 9 ಜುಲೈ 2024

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಉದಗೀರದ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಬಾಣಂತಿಯ ಕೆಲಸವೆಂದು ಹತ್ತಿ ಇಳಿಯುತ್ತಲೇ ಇರಬೇಡ. ಜಗದೇವಿ ಅಕ್ಕ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ? ಕೂಸಿನ ನೆಗಡಿ ಹೋಯಿತೇ? ಇಲ್ಲಿ ಅಪ್ಪ ಸೋಯಾಬೀನ್ ಬಿತ್ತಿ ಮುಗಿಸಿದ. ನಿನ್ನ ಅತ್ತೆಗೆ, ಅದೇ ನಮ್ಮ ಆಯಿಗೆ, ನೀನಿಲ್ಲದೆ ಜಗಳಕ್ಕೆ ಜನ ಸಿಗುತ್ತಿಲ್ಲ, ಎಮ್ಮೆಯನ್ನೇ ಬೈಯುತ್ತಾಳೆ.

ಫೋನ್ ಇರುವಾಗ ಪತ್ರ ಯಾಕೆ ಅನ್ನುತ್ತೀ. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂ ಅನ್ನುತ್ತೇನೆ, ನಮ್ಮ ರೂಢಿಯೇ ಅದು. ಹೋದ ತಿಂಗಳು ನನಗೆ ಮತ್ತೆ ಹೊಟ್ಟೆ ಕೆಟ್ಟು, ತೂಕ ಇಳಿಯತೊಡಗಿದಾಗ ನೀನು ಹೇಳಿದ್ದು ನೆನಪಿದೆಯಲ್ಲ? "ಉಮರ್ಗಾಕ್ಕ ಹೋದಾಗ ಕದ್ದು ಏನೇನ ತಿಂತಿ ನನಗ ಗೊತ್ತದ ಉಜ್ವಲಾ. ಇಂಥಾ ಹೊಟ್ಟಿ ಹೊತ್ಕೊಂಡು ನಿಲಂಗಾಕ್ಕ ನೌಕರಿ ಬ್ಯಾಡ." ಅದಕ್ಕೂ ನಾನು ಹೂಂ ಅಂದೆ. ಮರುದಿನವೇ ನೀನು ಸೂರ್ಯಕಾಂತ ಸರ್‌ಗೆ ಫೋನ್ ಮಾಡಿ, ಅವರ ನಿಲಂಗಾ ಶಾಲೆಯ ಗ್ರಂಥಾಲಯದ ಕೆಲಸಕ್ಕೆ ಮಗಳು ಬರುವುದಿಲ್ಲ ಎಂದುಬಿಟ್ಟೆ. ಆ ಹೂಂ ಅನ್ನು ನಾನು ಇವತ್ತು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ನಾನು ಏನನ್ನೂ ಕದ್ದು ತಿಂದಿಲ್ಲ. ಗೋಧಿ ಸೋಕಿದರೂ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಎಂದು ಗೊತ್ತಾದ ಮೇಲೆ ಒಂದೂವರೆ ವರ್ಷ ಜೋಳದ ರೊಟ್ಟಿಯೇ ನನ್ನ ಪ್ರಪಂಚ. ಮದುವೆ ಮನೆಗಳಲ್ಲಿ ಗೋಧಿ ಹುಗ್ಗಿ ಬಡಿಸಲು ಬಂದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತವಳು ನಾನು.

ಹಾಗಾದರೆ ಗೋಧಿ ಎಲ್ಲಿಂದ ಬಂತು? ಗುಳಿಗೆ ಗಟ್ಟಿಯಾಗಲು ಹಾಕುವ ಪಿಷ್ಟ ಅಪರೂಪಕ್ಕೆ ಗೋಧಿಯದ್ದೂ ಇರಬಹುದು, ಕಂಪನಿ ಬದಲಾದಾಗಲೆಲ್ಲ ಕೇಳಬೇಕು ಎಂದು ಸೋಲಾಪುರದ ಡಾಕ್ಟರು ಹೇಳಿದ್ದರು. ನೀನು ಉದಗೀರಕ್ಕೆ ಹೋದ ವಾರವೇ ಗುರುಶಾಂತ ಮಾಮಾ ನಾನು ದಿನಾ ನುಂಗುವ ಹಳೆಯ ಕ್ಯಾಲ್ಶಿಯಂ ಗುಳಿಗೆ ಮುಗಿದಿದೆ ಎಂದು ಬೇರೆ ಕಂಪನಿಯದ್ದು ಕೊಟ್ಟಿದ್ದರು. ಅವರ ಮೆಡಿಕಲ್ ಅಂಗಡಿಗೆ ಹೋದೆ. ಮುಂದೆ ಹತ್ತು ಜನ, ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡನೇ ಸಲ ಕೇಳಿದಾಗ ಮಾಮಾ ನಕ್ಕರು. "ಗುಳಗಿ ಅಂದ್ರ ಚಪಾತಿ ಏನವಾ ಮಗಳ, ಗೋಧಿ ಹಾಕ್ಲಿಕ್ಕೆ? ಹೆಸರಷ್ಟೇ ಬ್ಯಾರೆ, ಮಾಲು ಒಂದೇ." ಹತ್ತು ಜನರೂ ನಕ್ಕರು. ತರಗತಿಯಲ್ಲಿ ಹಾಜರಿ ಹೇಳಲೂ ಬೆವರುತ್ತಿದ್ದವಳು ನಾನು, ಅಲ್ಲವೇ? ಅವತ್ತು ಅಲ್ಲಿಂದ ಕದಲಲಿಲ್ಲ. "ಹಂಗಾರ ಇದ್ರಾಗ ಯಾವ ಹಿಟ್ಟು ಅದ ಅಂತ ಬರ್ದು ಕೊಡ್ರಿ ಮಾಮಾ" ಅಂದೆ. ನಗು ನಿಂತಿತು. ಬರೆದುಕೊಡಲು, ಯಾವ ಹಿಟ್ಟೆಂದು ಅವರಿಗೆ ಗೊತ್ತಿರಲಿಲ್ಲ. ಡಬ್ಬದ ಮೇಲಿನ ನಂಬರಿಗೆ ನಾನೇ ಫೋನ್ ಮಾಡಿದೆ. ಎರಡು ಸಲ ಹಾಡು ಕೇಳಿಸಿ ಕಟ್ ಮಾಡಿದರು, ಮೂರನೇ ಸಲ ಒಬ್ಬರು ಇಮೇಲ್ ಕಳಿಸಿ ಎಂದರು. ನಾಲ್ಕು ದಿನಕ್ಕೆ ಉತ್ತರ ಬಂತು: ಮೆಕ್ಕೆಜೋಳದ ಪಿಷ್ಟ, ಗೋಧಿ ಇಲ್ಲ, ಗ್ಲುಟೆನ್ ಎಂಬ ಗೋಧಿಯ ಅಂಟೂ ಇಲ್ಲ. ಈಗ ಮಾಮಾ ಅದರ ಒಂದು ಪ್ರತಿಯನ್ನು ಗಲ್ಲಾ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ.

ಆದರೆ ಆ ಕಾಗದ ನನ್ನನ್ನೇ ಕಳ್ಳಿ ಮಾಡಿತು. "ಗುಳಗಿ ಚೊಕ್ಕ ಅದ ಅಂದ್ಮ್ಯಾಗ ನೀನೇ ಏನೋ ತಿಂದೀದಿ" ಎಂದಳು ಆಯಿ. ಒಂದು ಕ್ಷಣ ನನಗೇ ನನ್ನ ಮೇಲೆ ಅನುಮಾನ ಬಂತು ಅವ್ವಾ.

ನಿನಗೆ ಗೊತ್ತು, ಆಯಿ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ನನ್ನ ಹಣೆಗೆ ವಿಭೂತಿ ಹಚ್ಚಿ, ಅದೇ ಕೈಯಿಂದ ಗುಳಿಗೆ ಕೊಡುತ್ತಿದ್ದಳು. ಗುಳಿಗೆಯ ಮೇಲೆ ಬೂದಿ ಹತ್ತಿರುತ್ತಿತ್ತು. ಒಳ್ಳೆಯದೇ ಎಂದು ನುಂಗುತ್ತಿದ್ದೆ. ಹತ್ತು ದಿನದ ಹಿಂದೆ ನನ್ನ ಅಂಗೈ ಒದ್ದೆಯಿತ್ತು. ಗುಳಿಗೆ ಬಿದ್ದ ಜಾಗದಲ್ಲಿ ಬೆರಳಾಡಿಸಿದರೆ ಅಂಟಂಟು. ವಿಭೂತಿ ಅಂಟುವುದಿಲ್ಲ. ನಾದಿದರೆ ಅಂಟುವುದು ಗೋಧಿಯ ಕಣಕ ಮಾತ್ರ. ಗುಳಿಗೆ ಎಲ್ಲಿಡುತ್ತೀ ತೋರಿಸು ಎಂದು ಆಯಿಯ ಬೆನ್ನು ಹತ್ತಿದೆ. ಅವಳ ನಡುಗುವ ಬೆರಳಿಗೆ ದಿನಾ ಗುಳಿಗೆಯ ಪಟ್ಟಿ ಒಡೆಯಲು ಆಗುವುದಿಲ್ಲ, ಅದಕ್ಕೆ ಪ್ರತಿ ಸೋಮವಾರ ವಾರದ ಗುಳಿಗೆಗಳನ್ನೆಲ್ಲ ಒಡೆದು ಮಲಮಲದ ಬಟ್ಟೆಯಲ್ಲಿ ಗಂಟು ಕಟ್ಟಿ, ಮಳೆಗಾಲದ ತೇವಕ್ಕೆ ಕೆಡಬಾರದೆಂದು ಹಿಟ್ಟಿನಲ್ಲಿ ಹುಗಿದಿಡುತ್ತಿದ್ದಳು, ಮೆಣಸಿನಲ್ಲಿ ಕರ್ಪೂರ ಇಡುವ ಹಾಗೆ. ಗೋಧಿ ಹಿಟ್ಟಿನ ಡಬ್ಬಿಯಲ್ಲಿ! ನನ್ನ ಕೈ ತಾಗಬಾರದೆಂದು ಅಟ್ಟದ ಮೇಲೆ ಏರಿಸಿದ ಅದೇ ಡಬ್ಬಿ. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ ನೋಡು.

ಆಯಿ ಅತ್ತಳು. "ನಾನೇ ವಿಷ ಹಾಕ್ದೆನಲ್ಲ ಪೋರಿ" ಅಂದಳು. ಅವಳ ಗಂಟು ಬಿಚ್ಚಿ ಬಚ್ಚಲಿಗೆ ಸುರಿದೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಹೊಸ ಗುಳಿಗೆ ಪಟ್ಟಿಯಲ್ಲೇ ಇವೆ, ನನ್ನ ಸ್ಟೀಲ್ ಡಬ್ಬಿಯಲ್ಲಿ. ನಾನೇ ಒಡೆದುಕೊಳ್ಳುತ್ತೇನೆ. ಹೊಟ್ಟೆ ಪೂರ್ತಿ ಸರಿಹೋಗಲು ದಿನ ಬೇಕು, ಆದರೆ ನಿನ್ನೆ ಎರಡು ರೊಟ್ಟಿ ಉಂಡು ಹೊಲದವರೆಗೆ ನಡೆದು ಬಂದೆ.

ಅಕ್ಕನಿಗೆ ನನ್ನ ನೆನಪು ಹೇಳು, ಮಾವನವರಿಗೆ ಶರಣು. ಕೂಸಿನ ಅಂಗಾಲಿಗೊಂದು ಮುತ್ತು.

ನಿನ್ನ, ಕದ್ದು ತಿನ್ನದ ಮಗಳು
ಉಜ್ವಲಾ

ತಾ.ಕ.: ಬಸ್ಸಿನ ಹೊತ್ತಾಯಿತು, ಅಪ್ಪ ಇದನ್ನು ಉಮರ್ಗಾದಲ್ಲಿ ಅಂಚೆಗೆ ಹಾಕುತ್ತಾನೆ. ಒಂದು ಮಾತು ಹೇಳಿ, ನಿನಗೆ ಬರೆಯಬೇಡ ಎಂದು ಆಯಿ ಆಣೆ ಹಾಕಿದ್ದಳು, ಆದರೂ ಬರೆಯುತ್ತೇನೆ. ಹೊರಡುವ ದಿನ "ಔಷಧ ಆ ಗೋಧಿ ಡಬ್ಬಿದಾಗ ಇಡ್ರಿ ಅತ್ತಿ, ಅದನ್ನ ಯಾರೂ ಮುಟ್ಟಂಗಿಲ್ಲ" ಎಂದು ಹೇಳಿ ಹೋದವಳು ನೀನು. ನನಗೆ ಸಿಟ್ಟಿಲ್ಲ ಅವ್ವಾ. ಆದರೆ ಸೂರ್ಯಕಾಂತ ಸರ್‌ಗೆ ನೀನೇ ಇನ್ನೊಂದು ಫೋನ್ ಮಾಡಬೇಕು. ಹದಿನೈದರವರೆಗೆ ಕಾಯುತ್ತೇವೆ ಎಂದು ನನಗೆ ಹೇಳಿದ್ದಾರೆ. ನೀನು ಮಾಡಿದರೂ, ಮಾಡದಿದ್ದರೂ, ಹದಿನೈದರ ಸೋಮವಾರ ಬೆಳಿಗ್ಗೆ ಏಳರ ನಿಲಂಗಾ ಬಸ್ಸಿನಲ್ಲಿ ನಾನಿರುತ್ತೇನೆ.